ತಿಥಿಯೂ ದಾಳವೂ

ಚದುರಂಗವಾಡುವವನನ್ನು ಹಿಂಸಾಪ್ರಿಯನೆಂದು ಯಾರೂ ನಿಂದಿಸರು. ಆನೆ, ಕುದುರೆ, ಕಾಲಾಳುಗಳು ಹಲಗೆಯ ಮೇಲೆ ಬಿದ್ದಾಗ ಯಾವ ಮನೆಯಲ್ಲಿಯೂ ಅಳು ಕೇಳಿಸುವುದಿಲ್ಲ. ಮುದುಕರಿಬ್ಬರು ಜಗಲಿಯ ಮೇಲೆ ಕುಳಿತು ಸಂಜೆಯವರೆಗೆ ಒಬ್ಬರ ಅರಸನನ್ನೊಬ್ಬರು ಕಟ್ಟಿಹಾಕಿ, ದೀಪ ಹಚ್ಚುವ ಹೊತ್ತಿಗೆ ಕರಿಯರನ್ನೂ ಬಿಳಿಯರನ್ನೂ ಒಂದೇ ಚೀಲಕ್ಕೆ ಸುರಿದು ಎದ್ದುಹೋಗುತ್ತಾರೆ. ಹೆಸರಿನಲ್ಲಿಯೇ ಚತುರಂಗಬಲವುಳ್ಳ ಆಟವು ಇಷ್ಟು ಸಾಧುವಾಗಿರುವುದಕ್ಕೆ ಕಾರಣವೇನು? ಆ ಯುದ್ಧಕ್ಕೆ ಊರಿಲ್ಲ, ತಾರೀಖಿಲ್ಲ. ಅಲ್ಲಿ ಸತ್ತವನು ಎಂದೂ ಬದುಕಿದ್ದವನಲ್ಲ.

ಇದಕ್ಕೆ ನೆಂಟಸ್ತಿಕೆಯುಳ್ಳ ಇನ್ನೊಂದು ಆಟವು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ವಿಶಾಲವಾದ ಮೇಜಿನ ಮೇಲೆ ದಿಣ್ಣೆ, ತೋಪು, ಒಕ್ಕಲುಮನೆ, ಹೊಲದ ದಾರಿಗಳನ್ನು ಹೂಡಿ, ಬೆರಳುದ್ದಕ್ಕಿಂತ ಚಿಕ್ಕವಾದ ಬಣ್ಣದ ಸಿಪಾಯಿಗಳನ್ನು ಸಾಲುಗೂಡಿಸಿ, ಅಳತೆಪಟ್ಟಿಯಿಂದ ನಡೆಯನ್ನೂ ದಾಳದಿಂದ ಗುಂಡಿನ ಫಲವನ್ನೂ ನಿರ್ಣಯಿಸುತ್ತ, ಹಿಂದೆ ನಡೆದ ಯುದ್ಧವನ್ನು ಮತ್ತೊಮ್ಮೆ ನಡೆಸುವ ಆಟವದು. ಚದುರಂಗಕ್ಕೂ ಇದಕ್ಕೂ ಇರುವ ಭೇದವೆಲ್ಲ ತಾರೀಖಿನಲ್ಲಿದೆ. ಈ ಆಟಗಾರನಿಗೆ ಯಾವುದೋ ಒಂದು ಯುದ್ಧ ಸಾಲದು. 1815ನೆಯ ಇಸವಿ ಜೂನ್ 18ರಂದು, ಹಿಂದಿನ ರಾತ್ರಿಯ ಮಳೆಯಿಂದ ನೆಲವು ಕೆಸರಾದ ಕಾರಣ ಹೊತ್ತೇರಿದ ಮೇಲೆ ಮೊದಲಾದ ವಾಟರ್ಲೂ ಯುದ್ಧವೇ ಆಗಬೇಕು. ಸಿಪಾಯಿಯ ಅಂಗಿಯ ಪಟ್ಟಿಯ ಬಣ್ಣವು ತಪ್ಪಿದರೆ ಅವನಿಗೆ ನಿದ್ರೆ ಬಾರದು. ಅಂಥವನಿಗೆ ಯುದ್ಧದ ವಾರ್ಷಿಕ ದಿನವೆಂದರೆ ಹಬ್ಬವೇ ಸರಿ. ಅರ್ಧ ಬಣ್ಣ ಹಚ್ಚಿ ಬಿಟ್ಟಿದ್ದ ದಳವು ಆ ದಿನದೊಳಗೆ ಪೂರ್ತಿಯಾಗಬೇಕು, ಗೆಳೆಯರು ಕೂಡಬೇಕು, ಮೊದಲ ಫಿರಂಗಿಯು ಹಾರಿದ ಗಳಿಗೆಯಲ್ಲಿಯೇ ಮೊದಲ ದಾಳವು ಉರುಳಬೇಕು. ನೂರು, ಇನ್ನೂರು ವರ್ಷ ತುಂಬಿದಾಗಲಂತೂ ಸಂಭ್ರಮಕ್ಕೆ ಮಿತಿಯಿಲ್ಲ. 2015ರಲ್ಲಿ ವಾಟರ್ಲೂವಿಗೆ ಇನ್ನೂರು ತುಂಬಿದಾಗ, ಬೆಲ್ಜಿಯಮಿನ ಆ ಬಯಲಿನಲ್ಲಿಯೇ ಸಾವಿರಾರು ಮಂದಿ ಹಳೆಯ ಸಮವಸ್ತ್ರಗಳನ್ನು ತೊಟ್ಟು ಯುದ್ಧವನ್ನಾಡಿ ತೋರಿಸಿದರು.

ಆ ಒಂದು ದಿನ ಅಲ್ಲಿ ಸತ್ತವರೂ ಗಾಯಪಟ್ಟವರೂ ಸೇರಿ 40,000ಕ್ಕೆ ಮೀರಿದ್ದರು. ಒಬ್ಬರ ಮರಣದಿನವು ಮತ್ತೊಬ್ಬರ ಆಟದ ದಿನವಾಗುವುದು ಸಲ್ಲುವುದೆ ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಬಹಳ ಹಿಂದಿನ ಮಾತಲ್ಲವೆ ಎಂಬುದು ಸಾಮಾನ್ಯವಾಗಿ ಬರುವ ಸಮಾಧಾನ. ಇದು ತೀರ ಹುರುಳಿಲ್ಲದ ಮಾತೇನೂ ಅಲ್ಲ. ಶ್ರಾದ್ಧವಿಧಿಯಲ್ಲಿ ತಂದೆ, ಅಜ್ಜ, ಮುತ್ತಜ್ಜ ಈ ಮೂವರಿಗೆ ಹೆಸರುಗೋತ್ರಗಳನ್ನು ಹೇಳಿ ಪಿಂಡವಿಡುತ್ತಾರೆ. ಅದಕ್ಕೂ ಮೇಲಿನವರು ಹೆಸರನ್ನು ಕಳೆದುಕೊಂಡು ಪಿತೃಗಣದಲ್ಲಿ ಸೇರಿಹೋಗುತ್ತಾರೆ. ದುಃಖಕ್ಕೂ ಒಂದು ಎಲ್ಲೆಯುಂಟೆಂಬುದನ್ನು ಆ ವಿಧಿಯನ್ನು ಕಟ್ಟಿದವರು ಬಲ್ಲರು. ಈ ಕೋಲಿನಿಂದ ಅಳೆದರೆ ವಾಟರ್ಲೂ ಎಲ್ಲೆಯ ಆಚೆಗಿದೆ. 1914ರ ಮಹಾಯುದ್ಧವು ಎಲ್ಲೆಯ ಮೇಲಿದೆ. 1939ರಲ್ಲಿ ಮೊದಲಾದುದು ಇನ್ನೂ ಒಳಗಿದೆ. ಶ್ರಾದ್ಧವೆಂಬ ಮಾತನ್ನೇ ಕೇಳದ ಆಟಗಾರರಲ್ಲಿಯೂ ಹಲವರು ತಮ್ಮ ಜೀವಮಾನದಲ್ಲಿಯೇ ನಡೆದ ಯುದ್ಧವನ್ನು ಮೇಜಿಗೆ ತರಲು ಹಿಂಜರಿಯುವುದುಂಟು. ಆದರೂ ನೋಯುವವರು ಈಗ ಯಾರೂ ಇಲ್ಲವೆಂಬುದು ಒಂದು ಮಾತು. ಸತ್ತವರಿಗೆ ಸಲ್ಲಬೇಕಾದುದು ಸಂದಿದೆಯೆಂಬುದು ಬೇರೊಂದು ಮಾತು.

ಅಲ್ಲದೆ ಕಾಲದ ಅಳತೆಯು ಎಲ್ಲ ಕಡೆಗೂ ಒಂದೇ ಸಮನಾಗಿಲ್ಲ. ವಾಟರ್ಲೂವಿನಲ್ಲಿ ಗೆದ್ದ ವೆಲಿಂಗ್ಟನ್ನನು ಅದಕ್ಕೆ 16 ವರ್ಷ ಮುಂಚೆ ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದನು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನ ಕತ್ತಲೆಯಲ್ಲಿ ದಿಕ್ಕುಗೆಟ್ಟು ಹಿಮ್ಮೆಟ್ಟಿದನು. ಮೇ 4ರಂದು ಕೋಟೆಯು ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ, ಸೂರೆಯನ್ನಡಗಿಸಿ ಪಟ್ಟಣದ ಅಧಿಕಾರವನ್ನು ವಹಿಸಿಕೊಂಡನು. ಇಂಗ್ಲೆಂಡಿನ ಆಟಗಾರನಿಗೆ ಇದೊಂದು ಸೊಗಸಾದ ಪ್ರಸಂಗ: ನದಿಯಿದೆ, ಒಡೆದ ಕೋಟೆಗೋಡೆಯಿದೆ, ಬಾಣಬಿರುಸಿನ ದಳವಿದೆ. ಕಾವೇರಿಯ ದಡದಲ್ಲಿರುವವನಿಗೆ ಅದು ಸೂರೆಯ ರಾತ್ರಿ. ತಲೆಮಾರುಗಳೆಷ್ಟು ಉರುಳಿದರೂ ಆ ದಿನದ ಹೆಸರುಗಳು ಪಿತೃಗಣದಲ್ಲಿ ಸೇರಿಹೋಗಿಲ್ಲ. ವಾದಕ್ಕೆ ಇಂದಿಗೂ ಎದ್ದುಬರುತ್ತವೆ. ಆದುದರಿಂದ ವರ್ಷಗಳನ್ನು ಎಣಿಸುವುದಕ್ಕಿಂತ ಎದುರಿನ ಕುರ್ಚಿಯನ್ನು ನೋಡುವುದು ಮೇಲು. ಸೋತವರ ವಂಶದವನೊಬ್ಬನು ಅಲ್ಲಿ ಕುಳಿತು ಸಂಕೋಚವಿಲ್ಲದೆ ದಾಳವನ್ನು ಹಿಡಿಯಬಲ್ಲನೆ?

ಇನ್ನು ಆಟದ ಪರವಾಗಿ ಹೇಳಬಹುದಾದುದರಲ್ಲಿ ಅತ್ಯಂತ ಬಲವಾದುದು ಅದರ ಹುಟ್ಟಿನಲ್ಲಿಯೇ ಇದೆ. ಪ್ರಷ್ಯಾ ದೇಶದ ರೈಸ್‌ವಿಟ್ಸ್ ಎಂಬವನು 1812ರಲ್ಲಿ ತನ್ನ ಅರಸನಿಗೆ ಯುದ್ಧದ ಆಟವೊಂದನ್ನು ತೋರಿಸಿದನು. ಫಿರಂಗಿ ದಳದಲ್ಲಿ ಅಧಿಕಾರಿಯಾಗಿದ್ದ ಅವನ ಮಗನು ಅದನ್ನು ತಿದ್ದಿ 1824ರಲ್ಲಿ ನಿಯಮಗಳನ್ನು ಅಚ್ಚುಹಾಕಿಸಿದನು. ಸೇನಾಧಿಪತಿ ಮ್ಯೂಫ್ಲಿಂಗನು ಅದನ್ನು ನೋಡಿ, ಇದು ಆಟವಲ್ಲ, ಯುದ್ಧದ ಶಿಕ್ಷಣವೆಂದು ಮೆಚ್ಚಿದನೆಂದು ಪ್ರಸಿದ್ಧಿ. ಈ ಮ್ಯೂಫ್ಲಿಂಗನೇ ವಾಟರ್ಲೂವಿನಲ್ಲಿ ವೆಲಿಂಗ್ಟನ್ನನ ಬಳಿ ಪ್ರಷ್ಯಾದ ಪ್ರತಿನಿಧಿಯಾಗಿದ್ದವನು, ಮೆಚ್ಚುವುದಕ್ಕೆ ಅಧಿಕಾರವುಳ್ಳವನು. ಆ ಆಟದ ಸಾರವಿಷ್ಟು: ಎರಡು ಪಕ್ಷದವರಲ್ಲಿ ಯಾರಿಗೂ ಇಡೀ ರಂಗವು ಕಾಣದು. ಮಧ್ಯಸ್ಥನೊಬ್ಬನೇ ಎಲ್ಲವನ್ನೂ ಬಲ್ಲನು. ದಳಪತಿಗೆ ತನ್ನ ಕಣ್ಣಿಗೆ ಬೀಳಬಹುದಾದಷ್ಟು, ತನ್ನ ದೂತನು ಹೊತ್ತುತರಬಹುದಾದಷ್ಟು ಮಾತ್ರವೇ ತಿಳಿಯತಕ್ಕದ್ದು.

ಇದರ ನೈತಿಕವಾದ ಬೆಲೆಯನ್ನು ಅರಿಯಬೇಕಾದರೆ ವಾರ್ಷಿಕೋತ್ಸವದ ಭಾಷಣವೊಂದರ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. ಭಾಷಣಕಾರನಿಗೆ ಅಂತ್ಯವು ಗೊತ್ತು. ಗೆಲುವು ಬರಲೇಬೇಕಾಗಿತ್ತೆಂಬಂತೆ, ಮಡಿದವರು ಅದನ್ನು ಕಣ್ಣಾರೆ ಕಂಡು ಮಡಿದರೆಂಬಂತೆ ಅವನು ಮಾತನಾಡುತ್ತಾನೆ. ನಿಜವಾಗಿ ಆ ಮಧ್ಯಾಹ್ನ ಪೂರ್ವದಿಕ್ಕಿನಲ್ಲಿ ದೂರದಲ್ಲಿ ಸೈನ್ಯವೊಂದು ಕಾಣಿಸಿಕೊಂಡಾಗ, ಅದು ತನ್ನ ಸರದಾರ ಗ್ರೂಶಿಯ ದಳವೋ, ಶತ್ರುವಾದ ಬ್ಲೂಷರನ ಪ್ರಷ್ಯನ್ ಸೈನ್ಯವೋ ಎಂಬುದು ನೆಪೋಲಿಯನ್ನನ ಪಾಳೆಯದಲ್ಲಿಯೇ ಮೊದಲು ಸಂದೇಹವಾಗಿತ್ತು. ಸತ್ತವರು ಸತ್ತದ್ದು ಆ ಸಂದೇಹದೊಳಗೆ. ಭಾಷಣವು ಅವರಿಂದ ಕಿತ್ತುಕೊಂಡುದನ್ನು ದಾಳವು ಹಿಂದಕ್ಕೆ ಕೊಡುತ್ತದೆ: ಈ ಸಂಜೆ ಹೀಗೆಯೂ ಆಗಬಹುದು, ಹಾಗೆಯೂ ಆಗಬಹುದು. ಇನ್ನೂರು ವರ್ಷದ ಮೇಲೆ ಸಲ್ಲಿಸಬಹುದಾದ ಮರ್ಯಾದೆಗಳಲ್ಲಿ ಇದು ಕಿರಿದಲ್ಲ.

ಆದರೆ ಮೇಜಿಗೆ ಯಜಮಾನರು ಯಾರೆಂಬುದನ್ನೂ ಕೇಳಬೇಕಾಗುತ್ತದೆ. ವಿಲಿಯಮ್ ಸೈಬೋರ್ನ್ ಎಂಬ ಆಂಗ್ಲ ಅಧಿಕಾರಿಗೆ 1830ರಲ್ಲಿ ವಾಟರ್ಲೂವಿನ ಮಾದರಿಯೊಂದನ್ನು ಕಟ್ಟಬೇಕೆಂದು ಅಪ್ಪಣೆಯಾಯಿತು. ಅವನು ರಣರಂಗದ ನಡುವಿನ ಲಾ ಹೇ ಸಾಂತ್ ಎಂಬ ಒಕ್ಕಲುಮನೆಯಲ್ಲಿ ಎಂಟು ತಿಂಗಳು ಬಿಡಾರ ಮಾಡಿ ನೆಲವನ್ನು ಅಳೆದನು. ಬದುಕಿ ಉಳಿದಿದ್ದ ಅಧಿಕಾರಿಗಳಿಗೆಲ್ಲ ಕಾಗದ ಬರೆದು, ಸಂಜೆ ಏಳು ಗಂಟೆಯ ಹೊತ್ತಿಗೆ ನಿಮ್ಮ ದಳವು ಎಲ್ಲಿತ್ತು, ಎದುರಿಗೆ ಯಾರಿದ್ದರು, ನೆಲದಲ್ಲಿ ಯಾವ ಪೈರು ನಿಂತಿತ್ತು ಎಂದು ಕೇಳಿದನು. ನಡುವೆ ಸರ್ಕಾರವು ಹಣವನ್ನು ನಿಲ್ಲಿಸಿತು. ಅವನು ಸಾಲ ಮಾಡಿ ಕೆಲಸವನ್ನು ಮುಂದುವರಿಸಿದನು. 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾದ ಆ ಮಾದರಿಯಲ್ಲಿ ಸುಮಾರು 75,000 ಲೋಹದ ಬೊಂಬೆಗಳಿದ್ದುವು. ಈಗಲೂ ಅದು ಅಲ್ಲಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದ ಸೊತ್ತಾಗಿದೆ. ಸೈಬೋರ್ನನ ವಿಚಾರಣೆಯಂತೆ ಏಳು ಗಂಟೆಗೆ ಪ್ರಷ್ಯನರು ರಂಗದೊಳಕ್ಕೆ ಬಹಳ ಮುಂದುವರಿದಿದ್ದರು. ವೆಲಿಂಗ್ಟನ್ನನ ಕಡೆಯವರಿಗೆ ಇದು ರುಚಿಸಲಿಲ್ಲ. ಗೆಲುವಿನ ಕೀರ್ತಿಯಲ್ಲಿ ಪಾಲು ಹೋಗುವುದಲ್ಲ! ಕೊನೆಗೆ ಸೈಬೋರ್ನನು ಪ್ರಷ್ಯನ್ ಬೊಂಬೆಗಳಲ್ಲಿ ಬಹುಭಾಗವನ್ನು ತೆಗೆದುಹಾಕಿದನು. ನಿಜವಾದ ರಣದಲ್ಲಿ ಕಾದಿದವರನ್ನು ತವರದ ರಣದಿಂದ ಓಡಿಸಲು ಒಂದು ಗುಂಡೂ ಬೇಕಾಗಲಿಲ್ಲ. ಬಣ್ಣದ ಗುಂಡಿಯೊಂದು ತಪ್ಪಿದರೆ ಕೊರಗುವ ಇಂದಿನ ಆಟಗಾರನು ಈ ದೊಡ್ಡ ತಪ್ಪಿನ ವಿಷಯದಲ್ಲಿಯೂ ಅಷ್ಟೇ ಹಟಮಾರಿಯಾಗಿದ್ದರೆ, ಅವನನ್ನು ಮಕ್ಕಳಾಟದವನೆಂದು ನಗುವುದು ಅನ್ಯಾಯ.

ಇಷ್ಟು ಒಪ್ಪಿಕೊಂಡ ಮೇಲೂ ಉಳಿಯುವ ಕೊರತೆಯೊಂದುಂಟು. ದಾಳವು ಹಿಂದಕ್ಕೆ ಕೊಡುವ ಸಂದೇಹವು ದಳಪತಿಯದು. ಮೇಜಿನ ಎರಡು ಕಡೆಗೂ ಇರುವ ಕುರ್ಚಿಗಳು ನೆಪೋಲಿಯನ್ನನವು, ವೆಲಿಂಗ್ಟನ್ನನವು. ಸಾಲಿನಲ್ಲಿ ನಿಂತ ಕೂಲಿಯ ಸಿಪಾಯಿಗೆ ಅಲ್ಲಿ ಕುರ್ಚಿಯಿಲ್ಲ. ಅನೇಕ ನಿಯಮಗಳಲ್ಲಿ ಒಂದು ಬೊಂಬೆಯೆಂದರೆ 20 ಅಥವಾ 30 ಆಳುಗಳು. ಹತ್ತು ಮಂದಿ ಸತ್ತರೆ ಮೇಜಿನ ಮೇಲೆ ಏನೂ ಆಗುವುದಿಲ್ಲ! ಎಚ್. ಜಿ. ವೆಲ್ಸನು 1913ರಲ್ಲಿ ಬೊಂಬೆಯುದ್ಧದ ನಿಯಮಗಳನ್ನು ‘ಲಿಟಲ್ ವಾರ್ಸ್’ ಎಂಬ ಪುಸ್ತಕವಾಗಿ ಪ್ರಕಟಿಸಿ, ರಣೋತ್ಸಾಹವುಳ್ಳ ದೊರೆಗಳನ್ನೂ ದೇಶಾಭಿಮಾನಿಗಳನ್ನೂ ಒಂದು ಮಂದಿರದಲ್ಲಿ ಕೂಡಿ ಈ ಆಟಕ್ಕೆ ಬಿಟ್ಟರೆ ಲೋಕಕ್ಕೆ ಕ್ಷೇಮವೆಂದು ಸೂಚಿಸಿದನು. ಮರುವರ್ಷವೇ ಆ ದೊರೆಗಳು ಬೇರೆ ಆಟಕ್ಕೆ ಇಳಿದರು. 1916ರ ಜುಲೈ 1ರಂದು ಸೋಮ್ ನದಿಯ ಬಳಿ ಬ್ರಿಟಿಷ್ ಸೇನೆಯೊಂದರಲ್ಲಿಯೇ 19,240 ಮಂದಿ ಸತ್ತರು.

ಆ ದಿನಕ್ಕೆ ನೂರು ವರ್ಷ ತುಂಬಿದ 2016ರ ಜುಲೈ 1ರಂದು, ಬ್ರಿಟನ್ನಿನ ಪಟ್ಟಣಗಳ ರೈಲು ನಿಲ್ದಾಣಗಳಲ್ಲಿಯೂ ಪೇಟೆಗಳಲ್ಲಿಯೂ ಸುಮಾರು 1,400 ಮಂದಿ ತರುಣರು ಹಳೆಯ ಸಮವಸ್ತ್ರದಲ್ಲಿ ಕಾಣಿಸಿಕೊಂಡರು. ಕಲಾವಿದ ಜೆರೆಮಿ ಡೆಲ್ಲರನು ಯೋಜಿಸಿದ ಸ್ಮರಣೆಯದು. ಮುನ್ಸೂಚನೆಯಿಲ್ಲ, ಭಾಷಣವಿಲ್ಲ. ಯಾರಾದರೂ ಸಮೀಪಿಸಿದರೆ ಅವರು ಮಾತನಾಡದೆ ಒಂದು ಚೀಟಿಯನ್ನು ಕೈಗಿಡುತ್ತಿದ್ದರು. ಅದರಲ್ಲಿ ಆ ದಿನ ಸತ್ತ ಒಬ್ಬನ ಹೆಸರು. ಒಂದು ಮೈಗೆ ಒಂದು ಹೆಸರು. ಮೇಜಿನ ಲೆಕ್ಕಕ್ಕೂ ಈ ಲೆಕ್ಕಕ್ಕೂ ಇರುವ ಅಂತರವು ಯಾವ ನಿಯಮಪುಸ್ತಕವನ್ನು ತಿದ್ದಿದರೂ ತುಂಬತಕ್ಕದ್ದಲ್ಲ. ಎಲ್ಲ ಸ್ಮರಣೆಯನ್ನೂ ಆಟವೊಂದೇ ಹೊರಬೇಕೆಂದು ಕೇಳುವುದೂ ತಪ್ಪು.

ಸತ್ತವರನ್ನು ಹಿಂದಿನವರೇ ಹೆಚ್ಚು ಗೌರವಿಸುತ್ತಿದ್ದರೆಂದು ಭಾವಿಸುವವರು ವಾಟರ್ಲೂವಿನ ಮೂಳೆಗಳ ಕಥೆಯನ್ನು ಕೇಳಬೇಕು. ಸಾವಿರಗಟ್ಟಲೆ ಜನ ಮಣ್ಣಾದ ಆ ಬಯಲಿನಲ್ಲಿ ಅಗೆದರೆ ಅಸ್ಥಿಪಂಜರಗಳು ಸಿಕ್ಕುವುದೇ ಅಪೂರ್ವ. 2022ರಿಂದೀಚೆಗೆ ಸಂಶೋಧಕರು ಹಳೆಯ ಪತ್ರಗಳನ್ನು ಶೋಧಿಸಿ, ಗೊಬ್ಬರಕ್ಕಾಗಿಯೂ, ಸಕ್ಕರೆಯನ್ನು ಬೆಳ್ಳಗೆ ಮಾಡುವ ಮೂಳೆಯ ಇದ್ದಲಿಗಾಗಿಯೂ ಅವನ್ನು ಅಗೆದು ಮಾರಿದಂತೆ ತೋರುತ್ತದೆಂದು ವಾದಿಸಿದ್ದಾರೆ. ಆ ಸಕ್ಕರೆಯನ್ನು ಕಾಫಿಗೆ ಹಾಕಿ ಕುಡಿದವರಲ್ಲಿ ಜೂನ್ 18ರ ಔತಣಗಳಲ್ಲಿ ಎದ್ದುನಿಂತು ವೀರರನ್ನು ಕೊಂಡಾಡಿದವರೂ ಇದ್ದಿರಬಹುದು.

2019ರ ಜೂನಿನಲ್ಲಿ, ಯುದ್ಧದ ತಾರೀಖಿಗೆ ಎರಡು ಮೂರು ದಿನ ಮುಂಚೆ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 20,000ಕ್ಕೂ ಹೆಚ್ಚು ಬೊಂಬೆಗಳನ್ನಿಟ್ಟು ವಾಟರ್ಲೂ ಯುದ್ಧವನ್ನು ಆಡಿದರು. ‘ವಾಟರ್ಲೂ ಅನ್‌ಕವರ್ಡ್’ ಎಂಬ ಸಂಸ್ಥೆಯ ಕಾರ್ಯಕ್ಕೆ ನೆರವಾಗಲೆಂದು ಹೂಡಿದ ಆಟವದು. ಈಚಿನ ಯುದ್ಧಗಳಲ್ಲಿ ಮೈಯೋ ಮನಸ್ಸೋ ಗಾಯಗೊಂಡ ಸಿಪಾಯಿಗಳನ್ನು ಕರೆದುಕೊಂಡುಹೋಗಿ, ವಿದ್ವಾಂಸರೊಡನೆ ಆ ಹಳೆಯ ರಣರಂಗವನ್ನು ಅಗೆಯಿಸುವುದು ಆ ಸಂಸ್ಥೆಯ ಕೆಲಸ. ಮುಂದಿನ ತಿಂಗಳೇ ಅವರು ವೆಲಿಂಗ್ಟನ್ನನ ಸೇನೆಯ ಆಸ್ಪತ್ರೆಯಾಗಿದ್ದ ಮೋಂ-ಸೇಂ-ಜಾನ್ ಒಕ್ಕಲುಮನೆಯ ಬಳಿ ಅಗೆಯುತ್ತಿದ್ದಾಗ, ವೈದ್ಯರು ಕತ್ತರಿಸಿ ಎಸೆದಿದ್ದ ಕಾಲಿನ ಮೂಳೆಗಳು ಸಿಕ್ಕಿದುವು. ಅವುಗಳಲ್ಲೊಂದರ ಮೇಲೆ ಗರಗಸದ ಗುರುತು ಇನ್ನೂ ಇತ್ತು.