ಅಂದಿನದು ಅಂದೇ

ದಿನವೂ ನಾಲ್ಕು ಸಾಲು ಬರೆಯುವುದು ಒಳ್ಳೆಯ ಅಭ್ಯಾಸ ಎಂದರೆ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಯುವಜನರ ಕೂಟದಲ್ಲಿ ಈ ಮಾತು ಬಂದಾಗ ಎದ್ದ ಪ್ರಶ್ನೆ ಬೇರೆಯೇ: ಯಾರೂ ಓದದ ಬರಹವನ್ನು ದಿನವೂ ಯಾಕೆ ಬರೆಯಬೇಕು? ತಾಂಡೂರಿನ ಕಲ್ಲು ಪಾಲಿಶ್ ಕೆಲಸ ಮುಗಿಸಿ ರಾತ್ರಿ ಬಶೀರಾಬಾದಿಗೆ ಮರಳುವವನಿಗೆ, ತೊಗರಿ ರಾಶಿಯ ದಿನಗಳಲ್ಲಿ ಹೊಲದಿಂದ ಬಂದು ಒಲೆ ಹಚ್ಚುವವಳಿಗೆ ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ಅವರ ಸಮಯ ಕೇಳುವವರು ಕಾರಣ ಕೊಡಬೇಕು.

ಬರೆದರೆ ಭಾಷೆ ಸುಧಾರಿಸುತ್ತದೆ, ಮನಸ್ಸು ಹಗುರವಾಗುತ್ತದೆ, ಪರೀಕ್ಷೆಗೆ ಅನುಕೂಲ ಎನ್ನುತ್ತಾರೆ. ಎಲ್ಲವೂ ನಿಜ. ಆದರೆ ಇವು ಲಾಭದ ಮಾತುಗಳು. ಲಾಭ ಕಾಣದ ದಿನ ಅಭ್ಯಾಸವೂ ನಿಲ್ಲುತ್ತದೆ. ನಮಗೆ ತೋಚಿದ ಕಾರಣ ಸತ್ಯಕ್ಕೆ ಸಂಬಂಧಿಸಿದ್ದು.

ಬಿಎಸ್ಸಿ ಓದಿದವರಿಗೆ ಎರಡು ಪುಸ್ತಕಗಳು ಗೊತ್ತು. ಒಂದು ಅಬ್ಸರ್ವೇಶನ್ ಪುಸ್ತಕ, ಇನ್ನೊಂದು ರೆಕಾರ್ಡ್. ಮೊದಲನೆಯದು ಪ್ರಯೋಗ ನಡೆಯುತ್ತಿರುವಾಗಲೇ ಬರೆಯುವಂಥದ್ದು. ಅದರಲ್ಲಿ ಕಲೆ, ಕಾಟು, ಅವಸರದ ಅಕ್ಷರ. ಎರಡನೆಯದು ಆಮೇಲೆ ಅಂದವಾಗಿ ಬರೆಯುವಂಥದ್ದು. ಟೈಟ್ರೇಶನ್ ಮಾಡುವಾಗ ದ್ರಾವಣ ತಿಳಿ ಗುಲಾಬಿಗೆ ತಿರುಗಿದ ಕ್ಷಣವೇ ಬ್ಯೂರೆಟ್ಟಿನ ಅಳತೆ ನೋಡಿ ಬರೆಯಬೇಕು. 10.4 ಎಂದಿದ್ದರೆ 10.4. ಬರಬೇಕಾದ ಉತ್ತರ 10 ಎಂದು ಗೊತ್ತಾದ ಮೇಲೆ ಬರೆಯಲು ಕುಳಿತರೆ ಕೈ ತಾನಾಗಿಯೇ 10.1ರ ಕಡೆಗೆ ವಾಲುತ್ತದೆ. ಯಾರೂ ಸುಳ್ಳು ಹೇಳಬೇಕೆಂದು ಹೊರಟಿರುವುದಿಲ್ಲ. ಉತ್ತರ ಗೊತ್ತಿರುವುದೇ ಸಾಕು, ಅಳತೆ ಅದಕ್ಕೆ ಹೊಂದಿಕೊಳ್ಳುತ್ತದೆ.

ನಮ್ಮ ನೆನಪೂ ರೆಕಾರ್ಡ್ ಪುಸ್ತಕವೇ. ಅಣ್ಣನೊಂದಿಗೆ ಹಣದ ವಿಷಯಕ್ಕೆ ಜಗಳವಾಯಿತು ಎನ್ನೋಣ. ಅದೇ ರಾತ್ರಿ ಬರೆದರೆ ಇಬ್ಬರೂ ಆಡಿದ ಮಾತು ಹಾಳೆಗೆ ಬರುತ್ತದೆ. ಒಂದು ತಿಂಗಳು ಬಿಟ್ಟು ನೆನೆದರೆ ಅಣ್ಣನ ಮಾತು ಚೂಪಾಗಿರುತ್ತದೆ, ನಮ್ಮದು ಮೆತ್ತಗಾಗಿರುತ್ತದೆ. ಒಂದು ವರ್ಷದ ಮೇಲೆ ನಾವು ಬಾಯಿಯನ್ನೇ ತೆರೆದಿರುವುದಿಲ್ಲ! ಪಾಪನಿವೇದನೆಗೆ ಹೋಗುವ ಮುನ್ನ ಆತ್ಮಶೋಧನೆ ಮಾಡಿಕೊಳ್ಳಿ ಎಂದು ಗುರುಗಳು ಹೇಳುತ್ತಾರೆ. ಆದರೆ ಶೋಧಿಸುವ ವಸ್ತು ಅಷ್ಟರೊಳಗೆ ತಿದ್ದುಪಡಿಯಾಗಿದ್ದರೆ ಸಿಗುವುದಾದರೂ ಏನು?

ಲೊಯೋಲದ ಸಂತ ಇಗ್ನಾಸಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1548ರಲ್ಲಿ ಅಚ್ಚಾದ ಅವರ ‘ಆಧ್ಯಾತ್ಮಿಕ ಸಾಧನೆ’ಗಳಲ್ಲಿ ಒಂದು ಸರಳ ಕ್ರಮವಿದೆ. ತಿದ್ದಿಕೊಳ್ಳಬೇಕಾದ ಒಂದೇ ಒಂದು ದೋಷವನ್ನು ಆರಿಸಿಕೊಳ್ಳಬೇಕು. ವಾರದ ಪ್ರತಿ ದಿನಕ್ಕೂ ಗೆರೆ ಎಳೆದುಕೊಂಡು, ಎಷ್ಟು ಸಲ ಎಡವಿದೆವೋ ಅಷ್ಟು ಚುಕ್ಕಿ ಇಡಬೇಕು. ಬಳಿಕ ದಿನಕ್ಕೆ ದಿನವನ್ನು, ವಾರಕ್ಕೆ ವಾರವನ್ನು ಹೋಲಿಸಿ ನೋಡಬೇಕು. ಚುಕ್ಕಿಗೆ ಶೈಲಿ ಬೇಕಿಲ್ಲ, ಪ್ರತಿಭೆಯೂ ಬೇಕಿಲ್ಲ. ಅಂದಂದೇ ಇಡಬೇಕು, ಅಷ್ಟೆ. ಬರೆಯಲು ಬರುವುದಿಲ್ಲ ಎನ್ನುವವರು ಇಲ್ಲಿಂದಲೇ ಶುರು ಮಾಡಬಹುದು.

ಬಿಡುವಿಲ್ಲ ಎನ್ನುವವರು ಲಿಸ್ಯೂನ ಸಂತ ತೆರೇಸಾರನ್ನು ನೆನೆಯಲಿ. 24ನೇ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡ ಆಕೆ 1895ರಲ್ಲಿ ಶಾಲಾ ಮಕ್ಕಳ ನೋಟುಪುಸ್ತಕದಲ್ಲಿ, ಮಠದ ಕೆಲಸಗಳ ನಡುವಿನ ಬಿಡುವಿನಲ್ಲಿ ತಮ್ಮ ಬಾಲ್ಯವನ್ನು ಬರೆಯತೊಡಗಿದರು. 1897ರಲ್ಲಿ ಶಾಯಿಯ ಲೇಖನಿ ಹಿಡಿಯುವ ಶಕ್ತಿಯೂ ಹೋದಾಗ ಕೊನೆಯ ಪುಟಗಳನ್ನು ಪೆನ್ಸಿಲಿನಲ್ಲಿ ಬರೆದರು.

ಇನ್ನು ‘ಯಾರು ಓದುತ್ತಾರೆ’ ಎಂಬ ಪ್ರಶ್ನೆ. ಚರ್ಚಿನ ಕಚೇರಿಯ ಬೀರುವಿನಲ್ಲಿರುವ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ಯಾರು ಓದುತ್ತಾರೆ? ಮಗುವಿನ ಹೆಸರು, ತಂದೆತಾಯಿ, ಜ್ಞಾನ ತಂದೆತಾಯಿ, ತಾರೀಖು ಬರೆದು ಮುಚ್ಚಿಟ್ಟರೆ ಇಪ್ಪತ್ತೈದು ವರ್ಷ ಆ ಪುಟವನ್ನು ಯಾರೂ ತೆರೆಯದೆ ಇರಬಹುದು. ಆ ಮಗು ಬೆಳೆದು ಮದುವೆಗೆ ನಿಂತ ದಿನ ಆ ಒಂದು ಸಾಲು ಬೇಕಾಗುತ್ತದೆ. ಮದುವೆ ಬೇರೆ ಊರಿನಲ್ಲಿ ನಡೆದರೂ ಸುದ್ದಿ ಇಲ್ಲಿಗೆ ಬಂದು ಅದೇ ದಾಖಲೆಗೆ ಸೇರಬೇಕೆಂಬುದು ಧರ್ಮಸಭೆಯ ಕಾನೂನು. ಓದುಗ ಯಾವಾಗ ಬರುತ್ತಾನೆಂದು ಬರೆಯುವ ಗುರುಗಳಿಗೆ ಗೊತ್ತಿರುವುದಿಲ್ಲ. ಹಾಗೆಂದು ‘ಮುಂದಿನ ವಾರ ಬರೆದರಾಯಿತು’ ಎಂದರೆ ನಡೆಯುವುದೂ ಇಲ್ಲ.

ಒಂದು ಆಕ್ಷೇಪ ಮಾತ್ರ ಗಟ್ಟಿಯಾದದ್ದು. ನಮ್ಮವು ಒಂದು ಕೋಣೆ, ಒಂದು ಟ್ರಂಕಿನ ಮನೆಗಳು. ಬರೆದಿಟ್ಟದ್ದು ತಂಗಿಯ ಕೈಗೋ ಅತ್ತೆಯ ಕೈಗೋ ಸಿಗುತ್ತದೆ. ಸತ್ಯ ಬರೆಯುತ್ತೇವೆಂದು ಮನೆಯವರ ಮಾನ ಹಾಳೆಗೆ ಹಾಕುವ ಹಕ್ಕು ನಮಗಿದೆಯೇ? ಇಲ್ಲ ಎಂದೇ ನಮ್ಮ ಅನಿಸಿಕೆ. ಅವರು ಏನು ಮಾಡಿದರು ಎನ್ನುವುದಕ್ಕಿಂತ ನಾವು ಏನು ಮಾಡಿದೆವು, ಏನು ಮಾಡದೆ ಬಿಟ್ಟೆವು ಎಂದು ಬರೆದರೆ ಈ ತೊಡಕು ಬಹುಮಟ್ಟಿಗೆ ಬಿಡುತ್ತದೆ. ಬರೆಯುವುದು ಕಷ್ಟವಾಗುತ್ತದೆ, ಅದೂ ನಿಜ.

ಯಾವ ಭಾಷೆಯಲ್ಲಿ ಬರೆಯಬೇಕು? ಇದನ್ನು ಎಲ್ಲರಿಗಿಂತ ಹೆಚ್ಚಾಗಿ ನಾವೇ ಕೇಳಿಕೊಳ್ಳಬೇಕು. 1956ರ ನವೆಂಬರ್ 1ರವರೆಗೆ ತಾಂಡೂರು ತಾಲ್ಲೂಕು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗುಲ್ಬರ್ಗಾ ಮೈಸೂರು ರಾಜ್ಯಕ್ಕೆ ಹೋಯಿತು, ತಾಂಡೂರು ಮತ್ತು ಕೊಡಂಗಲ್ ಆಂಧ್ರಪ್ರದೇಶಕ್ಕೆ ಬಂದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ಕಾಲೇಜಿನಲ್ಲಿ ಇಂಗ್ಲಿಷ್. ಕನ್ನಡದಲ್ಲಿ ಜಪಸರ ಹೇಳುವ, ಕನ್ನಡದಲ್ಲೇ ಜಗಳವಾಡುವ ನಮ್ಮ ಎಷ್ಟೋ ಗೆಳೆಯರಿಗೆ ಕನ್ನಡ ಬರೆಯಲು ಬಾರದು. ಜಗಳ ಯಾವ ಭಾಷೆಯಲ್ಲಿ ನಡೆಯಿತೋ ಅದೇ ಭಾಷೆಯಲ್ಲಿ ಬರೆದರೆ ಮಾತು ಇದ್ದಂತೆ ಉಳಿಯುತ್ತದೆ. ಇಂಗ್ಲಿಷಿಗೆ ತಂದಾಗಲೇ ಅರ್ಧ ರೆಕಾರ್ಡ್ ಪುಸ್ತಕವಾಯಿತು.

ಮನೆಮಾತು ಬೇರೆಯಾದರೂ ಕನ್ನಡದಲ್ಲೇ ಬರೆದ ನಮ್ಮವರೂ ಇದ್ದಾರೆ. ಸಾಗರದ ನಾ. ಡಿಸೋಜರ ಮನೆಮಾತು ಕೊಂಕಣಿ. ಲೋಕೋಪಯೋಗಿ ಇಲಾಖೆಯಲ್ಲಿ, ಶರಾವತಿ ಯೋಜನೆಯ ಕೆಲಸದಲ್ಲಿದ್ದುಕೊಂಡೇ, ಅಣೆಕಟ್ಟಿನ ನೀರಿನಲ್ಲಿ ಮನೆಮಠ ಮುಳುಗಿದವರ ಬದುಕನ್ನು ಕಂಡು ಬರೆದರು. ಅವರ ‘ದ್ವೀಪ’ 2002ರಲ್ಲಿ ಗಿರೀಶ್ ಕಾಸರವಳ್ಳಿಯವರ ಸಿನಿಮಾ ಆಯಿತು. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2025ರ ಜನವರಿಯಲ್ಲಿ ಅವರು ನಮ್ಮನ್ನಗಲಿದರು. ನೌಕರಿಯ ನಡುವೆಯೇ ಬರೆದ ಕಾದಂಬರಿಗಳು ಅವು.

ತೆಲುಗು ಅಕ್ಷರ ಬಲ್ಲವರಿಗೆ ಕನ್ನಡ ಲಿಪಿ ದೂರವಲ್ಲ. ಎರಡೂ ಒಂದೇ ಹಳೆಯ ಲಿಪಿಯಿಂದ ಬೇರೆಯಾದವು. ತಲೆಕಟ್ಟಿನ ಆಕಾರ ಬೇರೆ, ಕ, ತ, ಶ ಮುಂತಾದ ಕೆಲವು ಅಕ್ಷರಗಳಲ್ಲಿ ಮೊದಮೊದಲು ಕೈ ತಡವರಿಸುತ್ತದೆ. ಭಾನುವಾರ ಬಲಿಪೂಜೆಯ ನಂತರ ನಮ್ಮ ಹಿರಿಯರಲ್ಲಿ ಕನ್ನಡ ಶಾಲೆ ಓದಿದವರನ್ನು ಕೇಳಿದರೆ ತಿದ್ದಿಕೊಡುತ್ತಾರೆ. ದಿನಚರಿಯನ್ನು ತೋರಿಸಬೇಕಿಲ್ಲ, ಆ ಅಕ್ಷರಗಳನ್ನು ಬೇರೊಂದು ಹಾಳೆಯಲ್ಲಿ ಬರೆದೊಯ್ದರೆ ಸಾಕು.