ಕಾಂಟಾ ಹೊಗಳಬಾರದು

2019ರ ಆಗಸ್ಟ್. ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನುಗ್ಗಿದ ದಿನಗಳು. ಬೈಲಹೊಂಗಲದಲ್ಲಿಯೂ ಬಿಡದೆ ಮಳೆ ಹಿಡಿದಿತ್ತು. ನಮ್ಮ ಓಣಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಮುಂಜಾನೆಯಿಂದ ಫೋನ್ ಮಾಡಿದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ: ‘ಖರೇ ಹೇಳತೀನಿ, ನಮ್ಮ ಓಣಿ ಪೂರಾ ಮುಳಗೇತಿ.’ ಮಧ್ಯಾಹ್ನ ರಾಮದುರ್ಗದಿಂದ ಅಣ್ಣನ ಮಗ ಫೋನ್ ಮಾಡಿದ. ‘ಕಾಕಾ, ಮನಿ ಮುಳಗೇತಿ’ ಅಂದ. ‘ಹೌದಪಾ, ಇಲ್ಲೂ ಹಂಗ ಆಗೇತಿ’ ಅಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಮೆಲ್ಲಗೆ ಹೇಳಿದ: ‘ಹಂಗಲ್ರಿ ಕಾಕಾ. ಖರೇನ ಮುಳಗೇತಿ. ಮಗ್ಗ ಕಾಣವಲ್ದು.’

ಅವನು ಮೊದಲ ಸಲವೇ ಇದ್ದದ್ದನ್ನು ಹೇಳಿದ್ದ. ಎರಡನೆಯ ಸಲ ಹೇಳುವಂತೆ ಮಾಡಿದವನು ನಾನು. ಅವನಿಗೆ ಬೇಕಾಗಿದ್ದ ‘ಮುಳುಗು’ ಎಂಬ ಮಾತನ್ನೂ ‘ಖರೇ’ ಎಂಬ ಮಾತನ್ನೂ ಪಾದ ಮುಳುಗುವ ನೀರಿಗಾಗಿ ಮುಂಜಾನೆಯೇ ಖರ್ಚು ಮಾಡಿಬಿಟ್ಟಿದ್ದೆ. ಆ ಒಂದು ಕ್ಷಣದ ಮೌನ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಉತ್ಪ್ರೇಕ್ಷೆಯನ್ನೇ ಬಿಟ್ಟುಬಿಡಬೇಕು ಎಂದು ನಾನು ವಾದಿಸುತ್ತಿಲ್ಲ. ಬಿಸಿಲಲ್ಲಿ ನಡೆದು ಬಂದವರು ‘ಸತ್ತು ಸುಣ್ಣಾದೆ’ ಅನ್ನಲಿ. ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರು ‘ಎಳ್ಳು ಹಾಕಾಕೂ ಜಾಗ ಇದ್ದಿಲ್ಲ’ ಅನ್ನಲಿ. ಕೇಳುವವನು ಅಲ್ಲಿಗೆ ಎಳ್ಳು ಒಯ್ದು ಪರೀಕ್ಷೆ ಮಾಡುವುದಿಲ್ಲ. ಮಾತಿನ ಉಬ್ಬು ಎಷ್ಟು, ಒಳಗಿನ ತಿರುಳು ಎಷ್ಟು ಎಂಬುದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಅತಿಶಯೋಕ್ತಿಯನ್ನು ಹಳಬರು ಅಲಂಕಾರ ಎಂದು ಕರೆದದ್ದು ಸರಿಯಾಗಿಯೇ ಇದೆ. ತೊಟ್ಟದ್ದು ಆಭರಣ ಎಂದು ಇಬ್ಬರಿಗೂ ತಿಳಿದಿರುವವರೆಗೆ ಅಲ್ಲಿ ಮೋಸವಿಲ್ಲ. ಕೆಡುಕು ಹುಟ್ಟುವುದು ಆ ಉಬ್ಬಿದ ಮಾತಿಗೆ ‘ಖರೇನ’, ‘ನಿಜವಾಗಿಯೂ’, ‘ಅಕ್ಷರಶಃ’ ಎಂಬ ಮುದ್ರೆ ಒತ್ತಿದಾಗ.

ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ನಿಂತು ನೋಡಿದವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಮಾರುವವನು ‘ಮಲ್ಲಿಗಿ ಹೂವಿನಂಥಾ ಮಾಲು’ ಅನ್ನುತ್ತಾನೆ. ಕೊಳ್ಳುವವನು ‘ಇದರಾಗ ಬರೇ ಕಸ ಐತಿ’ ಅನ್ನುತ್ತಾನೆ. ಇಬ್ಬರೂ ಉಬ್ಬಿಸುತ್ತಾರೆ, ಇಬ್ಬರೂ ಒಬ್ಬರನ್ನೊಬ್ಬರು ಬಲ್ಲರು, ವ್ಯಾಪಾರ ಕುದುರುತ್ತದೆ. ಆದರೆ ಹತ್ತಿ ಕಾಂಟಾದ ಮೇಲೆ ಏರಿತೆಂದರೆ ಇಬ್ಬರೂ ಸುಮ್ಮನಾಗುತ್ತಾರೆ. ಕಾಂಟಾ ಹೊಗಳಬಾರದು, ತೆಗಳಲೂಬಾರದು; ತೂಗಬೇಕು. ರೈತ ಎಷ್ಟೇ ಹೊಗಳಿಕೊಳ್ಳಲಿ, ಪೇಟೆ ಕೆಡುವುದಿಲ್ಲ. ಕಾಂಟಾ ಹೊಗಳತೊಡಗಿದ ದಿನ ಪೇಟೆ ಮುಳುಗುತ್ತದೆ. ‘ಅಕ್ಷರಶಃ’ ಎಂಬುದು ಮಾತಿನ ಪೇಟೆಯ ಕಾಂಟಾ.

ಈ ನೆಲದ ಹಳಬರು ಇದನ್ನು ಕಲ್ಲಿನಲ್ಲಿಯೇ ಪಾಲಿಸಿದ್ದರು. ಸವದತ್ತಿ ಆಗ ಸುಗಂಧವರ್ತಿ, ರಟ್ಟ ಅರಸರ ರಾಜಧಾನಿ. ಕ್ರಿ.ಶ. 980ರಲ್ಲಿ ರಟ್ಟರ ಶಾಂತಿವರ್ಮ ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿ ಬಿಟ್ಟುಕೊಟ್ಟದ್ದಕ್ಕೆ ಶಾಸನವಿದೆ. ನಮ್ಮ ದಾನಶಾಸನಗಳ ಕಟ್ಟು ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲು ಪ್ರಶಸ್ತಿ. ಅಲ್ಲಿ ಅರಸ ಹಗೆಗಳಿಗೆ ಸಿಂಹ, ದಾನದಲ್ಲಿ ಕರ್ಣ, ರೂಪಿನಲ್ಲಿ ಮನ್ಮಥ. ಕವಿಗೆ ಲಂಗುಲಗಾಮಿಲ್ಲ. ಕೊನೆಯಲ್ಲಿ ಶಾಪ. ದತ್ತಿಗೆ ತಪ್ಪಿದವನಿಗೆ ಕಾಶಿಯಲ್ಲಿ ಗೋವುಗಳನ್ನು ಕೊಂದ ಪಾಪ. ಅಲ್ಲಿಯೂ ಲಗಾಮಿಲ್ಲ. ನಡುವೆ ಮಾತ್ರ ಭೂಮಿಯ ಅಳತೆ, ಅದರ ಎಲ್ಲೆ. ಅಲ್ಲಿ ಕವಿ ಕೈ ಕಟ್ಟಿ ನಿಲ್ಲುತ್ತಾನೆ. ಹೊಗಳಿಕೆಯ ಭರದಲ್ಲಿ 150 ಮತ್ತರು 1,500 ಆಗುವುದಿಲ್ಲ. ಒಂದೇ ಕಲ್ಲು ಎರಡೂ ಬಗೆಯ ಮಾತನ್ನು ಹೊತ್ತಿದೆ, ಒಂದು ಇನ್ನೊಂದರ ಹೊಲಕ್ಕೆ ನುಗ್ಗಿಲ್ಲ.

ಇಂದು ನಾವು ಆ ಬದುವನ್ನು ಒಡೆಯುತ್ತಿದ್ದೇವೆ. ರಸ್ತೆಯಲ್ಲಿ ತಗ್ಗು ಬಿದ್ದರೆ ‘ಅಕ್ಷರಶಃ ನರಕ’. ಸಭೆಗೆ ಒಂದಿಷ್ಟು ಜನ ಸೇರಿದರೆ ‘ಅಕ್ಷರಶಃ ಜನಸಾಗರ’. ಇದು ಸುದ್ದಿಯ ಭಾಷೆಯಲ್ಲಿ ಹಬ್ಬಿ, ಅಲ್ಲಿಂದ ಭಾಷಣಕ್ಕೂ ಮನೆಯ ಮಾತಿಗೂ ಇಳಿದಿದೆ. ಅಕ್ಷರ ಎಂದರೆ ಕ್ಷಯವಿಲ್ಲದ್ದು. ಅಕ್ಷರಶಃ ಎಂದರೆ ಬರೆದದ್ದು ಎಷ್ಟೋ ಅಷ್ಟೇ, ಕೂಡಿಸಿದ್ದಿಲ್ಲ, ಕಳೆದದ್ದಿಲ್ಲ. ಕ್ಷಯವಿಲ್ಲದ್ದೆಂದು ಹೆಸರಿಟ್ಟುಕೊಂಡ ಮಾತನ್ನೇ ನಾವು ತಿಕ್ಕಿ ತಿಕ್ಕಿ ಸವೆಸುತ್ತಿದ್ದೇವೆ.

ಭಾಷೆ ಹರಿಯುವ ನೀರು, ಅರ್ಥ ಬದಲಾಗುವುದು ಸಹಜ ಎಂದು ಕೆಲವರು ಹೇಳುತ್ತಾರೆ. ಮಾತಿನಲ್ಲಿ ಹುರುಳಿದೆ. ‘ಭಯಂಕರ ಚಂದ’ ಎಂದು ನಾವು ಅಂಜಿಕೆಯಿಲ್ಲದೆ ಅನ್ನುತ್ತೇವೆ, ಅದರಿಂದ ನಷ್ಟವಾಗಿಲ್ಲ. ಇಂಗ್ಲಿಷಿನ ‘ಲಿಟರಲಿ’ಗೂ ಇದೇ ಗತಿಯಾಗಿ, ಆ ಭಾಷೆಯ ನಿಘಂಟುಗಳೇ ಸಡಿಲ ಅರ್ಥವನ್ನೂ ದಾಖಲಿಸಿವೆ. ಆದರೆ ನಿಘಂಟು ಬರೆಯುವುದು ಪಂಚನಾಮೆ. ಆದದ್ದನ್ನು ಅದು ಬರೆದುಕೊಳ್ಳುತ್ತದೆ, ಆದದ್ದು ಒಳ್ಳೆಯದೇ ಎಂದು ತೀರ್ಪು ಕೊಡುವುದಿಲ್ಲ. ಇನ್ನೊಂದು ಮಾತು: ‘ಭಯಂಕರ’ ಸವೆದರೆ ಭಯವನ್ನು ಹೇಳಲು ಬೇರೆ ಹತ್ತು ಶಬ್ದಗಳಿವೆ. ‘ಇದು ಉಬ್ಬಿಸಿದ್ದಲ್ಲ’ ಎಂದು ಹೇಳುವ ಶಬ್ದಗಳು ಎಲ್ಲ ಭಾಷೆಯಲ್ಲಿಯೂ ಕಡಿಮೆ. ಅವು ಸವೆದಾಗ ಜನ ಸುಮ್ಮನಿರುವುದಿಲ್ಲ, ಮೆಟ್ಟಿಲು ಏರುತ್ತಾರೆ. ‘ಖರೇ’ ಸಾಲದಾದಾಗ ‘ಖರೇನ ಖರೇ’. ಅದೂ ಸಾಲದಾದಾಗ ‘ಎಲ್ಲವ್ವನ ಆಣಿ’. ಈಗ ಅದೂ ಸಾಲದೆ ‘ವಿಡಿಯೊ ಕಳಸು’ ಎಂಬಲ್ಲಿಗೆ ಬಂದಿದ್ದೇವೆ. ಈ ಮೆಟ್ಟಿಲು ಏರಲು ಎಲ್ಲರಿಗೂ ಆಗುವುದಿಲ್ಲ. ನೀರಿನ ನಡುವೆ ನಿಂತವನ ಫೋನಿನಲ್ಲಿ ಚಾರ್ಜು ಉಳಿದಿರುವುದಿಲ್ಲ. ಅವನ ಹತ್ತಿರ ಉಳಿದಿರುವುದು ಬರೀ ಮಾತು. ಮಾತಿನ ತೂಕ ಕಳೆದವರು ನಾವು, ದಂಡ ತೆರುವವನು ಅವನು.

ಮಾತಿನ ಸಾಚಾತನದ ಮೇಲೆ ಎಂಥದೆಲ್ಲ ನಿಂತಿರುತ್ತದೆ ಎಂಬುದನ್ನು ಕಿತ್ತೂರು ಬಲ್ಲದು. 1824ರಲ್ಲಿ ಅಲ್ಲಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತಕದ ಪತ್ರವೊಂದಿತ್ತು. ಅದರ ಸಹಿಯ ಮೇಲೆ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸಂಶಯಪಟ್ಟ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಯುದ್ಧವಾಯಿತು, ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಬೈಲಹೊಂಗಲದಲ್ಲಿ ಸೆರೆಯಾಳಾಗಿದ್ದ ರಾಣಿ ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಕಣ್ಣು ಮುಚ್ಚಿದಳು. ಅವಳ ಸಮಾಧಿ ನಮ್ಮ ಊರಿನಲ್ಲಿದೆ. ಕಿತ್ತೂರಿನ ಗೆಲವನ್ನೂ ಸೋಲನ್ನೂ ಲಾವಣಿಕಾರರು ಹಾಡಿದ್ದಾರೆ. ಹಾಡಿನಲ್ಲಿ ಭೂಮಿ ನಡುಗಲಿ, ಆಕಾಶ ಬಿರಿಯಲಿ. ಅದರಿಂದ ಅವಳ ಹಿರಿಮೆಗೆ ಕುಂದಿಲ್ಲ. ಆದರೆ ಆ ಪತ್ರದ ಪ್ರಶ್ನೆಯನ್ನು ಯಾವ ಹಾಡೂ ಬಿಡಿಸಲಾರದು. ಕಿತ್ತೂರಿನ ಹಣೆಬರಹ ಅಕ್ಷರಶಃ ಅಕ್ಷರಗಳ ಮೇಲೆ ನಿಂತಿತ್ತು. ಇಲ್ಲಿ ಆ ಶಬ್ದವನ್ನು ತೂಕ ನೋಡಿಯೇ ಬಳಸಿದ್ದೇನೆ.

ಹಾಗಾದರೆ ಮಾಡಬೇಕಾದದ್ದೇನು? ನಾಲಗೆಗೆ ಬೀಗ ಹಾಕಬೇಕಾಗಿಲ್ಲ. ಉಬ್ಬಿಸುವಾಗ ಮನಸ್ಸು ಬಿಚ್ಚಿ ಉಬ್ಬಿಸೋಣ, ಅದಕ್ಕೆ ಸಾಕ್ಷಿಯಾಗಿ ಸತ್ಯವನ್ನು ಕರೆಯದಿರೋಣ. ‘ಅಕ್ಷರಶಃ’ ಎಂದು ಬರೆಯುವ ಮುನ್ನ ಆ ಶಬ್ದ ತೆಗೆದರೆ ಓದುವವನು ತಪ್ಪು ತಿಳಿಯುತ್ತಾನೆಯೇ ಎಂದು ಕೇಳಿಕೊಳ್ಳೋಣ. ತಪ್ಪು ತಿಳಿಯುವಂತಿದ್ದರೆ ಇರಲಿ. ಬರೀ ಮಾತು ಜೋರಾಗಲಿ ಎಂದು ಬಂದಿದ್ದರೆ ಹೊಡೆದುಹಾಕೋಣ. ಪ್ರವಾಹದ ಸುದ್ದಿ ಬರೆಯುವವರಿಗಂತೂ ಇದು ಧರ್ಮ. ಊರಿನ ದಾರಿಗಳೆಲ್ಲ ಕಡಿದುಹೋಗಿ ಜನ ನಡುವೆ ಸಿಕ್ಕಿಕೊಂಡಾಗ ಬರೆಯಬೇಕಾದ ‘ಅಕ್ಷರಶಃ ನಡುಗಡ್ಡೆ’ಯನ್ನು ಬಸ್ ನಿಲ್ದಾಣದ ಕೆಸರಿಗೆ ಬರೆದು ಮುಗಿಸಿಬಿಟ್ಟರೆ ಆ ದಿನ ಏನು ಬರೆಯುತ್ತಾರೆ?

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನವಿಲುತೀರ್ಥದ ಅಣೆಕಟ್ಟು ದಾಟಿ ರಾಮದುರ್ಗಕ್ಕೆ ಹೋಗುತ್ತಾಳೆ. ಮೇಲೆ ಮಳೆ ಜೋರಾದಾಗಲೆಲ್ಲ ಅಣ್ಣನ ಮಗನ ಫೋನ್ ಬರುತ್ತದೆ: ‘ಕಾಕಾ, ನಿಮ್ಮ ಕಡೆ ಹೆಂಗೈತ್ರಿ?’ ನಾನು ಈಗ ಬಾಗಿಲಿಗೆ ಹೋಗಿ ನೋಡಿ ಹೇಳುತ್ತೇನೆ: ‘ಪಾದ ಮುಳಗೂವಷ್ಟು ಐತಪಾ. ನಿಮ್ಮಲ್ಲಿ ಎಷ್ಟು ಬಂದೈತಿ?’ ಅವನು ಎಷ್ಟು ಹೇಳುತ್ತಾನೋ ಅಷ್ಟನ್ನೇ ನಂಬುತ್ತೇನೆ. ಎರಡನೆಯ ಸಲ ಹೇಳಿಸುವುದಿಲ್ಲ.