ಕಣ್ಣುರೆಪ್ಪೆಯ ತುರಿಕೆ, ಸೀವಕನ ಪ್ರಶ್ನೆ





ಹೋದ ಭಾನುವಾರ ನಮ್ಮ ಓದಿನಲ್ಲಿ ಚಕ್ಖುಪಾಲ ಥೇರನ ಕಥೆ ಬಂತು. ಧಮ್ಮಪದದ ಮೊದಲ ಗಾಥೆಗೆ ಅಟ್ಠಕಥೆಯವರು ಜೋಡಿಸಿರುವ ಕಥೆ ಅದು. ಓದು ಮುಗಿದ ಮೇಲೆ ದೇವದುರ್ಗ ಕಡೆಯ ಅಕ್ಕ ಒಬ್ಬರು ತಮ್ಮ ಕಣ್ಣುರೆಪ್ಪೆ ತೋರಿಸಿ, "ಹಂಗಾದ್ರ ಇದೂ ಹಿಂದಿನ ಜಲ್ಮದ ಪಾಪ ಅಂತೀರೇನ್ರಿ ಮೇಡಂ?" ಎಂದು ಕೇಳಿದರು. ಎರಡು ತಿಂಗಳಿಂದ ಅವರ ರೆಪ್ಪೆ ಒಣಗಿ, ಹೊಟ್ಟು ಎದ್ದು, ಕೆಂಪಾಗಿ ಉರಿಯುತ್ತಿದೆ. ತುರಿಕೆಗೆ ರಾತ್ರಿ ನಿದ್ದೆ ಇಲ್ಲ. ಓಣಿಯವರೊಬ್ಬರು ದೃಷ್ಟಿ ಆಗಿದೆ ಎಂದರಂತೆ, ಇನ್ನೊಬ್ಬರು ದೇವರ ಕಾಟ ಎಂದರಂತೆ. ಅದನ್ನೆಲ್ಲ ಬಿಟ್ಟು ಬುದ್ಧನ ಹತ್ತಿರ ಬಂದರೆ ಇಲ್ಲಿಯೂ ಪಾಪದ ಮಾತೇ! ಅವರಿಗೆ ಅಂದು ಹೊತ್ತಿಲ್ಲದೆ ಅರ್ಧ ಉತ್ತರ ಸಿಕ್ಕಿತು. ಉಳಿದದ್ದನ್ನು ಎಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ವರ್ಷಾವಾಸದ ಮೂರು ತಿಂಗಳು ಮಲಗುವುದೇ ಇಲ್ಲ ಎಂದು ಚಕ್ಖುಪಾಲ ಸಂಕಲ್ಪ ಮಾಡಿದ. ಕಣ್ಣುಬೇನೆ ಬಂತು. ಮಲಗಿ ಔಷಧಿ ಹಾಕಿಕೊಳ್ಳಬೇಕು ಎಂದು ವೈದ್ಯ ಹೇಳಿದರೂ ಈತ ಕುಳಿತೇ ಹಾಕಿಕೊಂಡ. ಅರಹಂತನಾದ ಗಳಿಗೆಯಲ್ಲೇ ಕಣ್ಣು ಹೋದವು. ಅದಕ್ಕೆ ಹಿಂದಿನ ಜನ್ಮದ ಕಾರಣ ಹೇಳುತ್ತಾರೆ. ಆಗ ಆತ ವೈದ್ಯನಾಗಿದ್ದ. ಒಬ್ಬ ಹೆಂಗಸು, ಕಣ್ಣು ವಾಸಿ ಮಾಡಿದರೆ ಮಕ್ಕಳ ಸಮೇತ ನಿನಗೆ ದಾಸಿಯಾಗುತ್ತೇನೆ ಎಂದು ಮಾತು ಕೊಟ್ಟಳು. ವಾಸಿಯಾಗುತ್ತಲೇ ದಾಸ್ಯಕ್ಕೆ ಹೆದರಿ, ಇನ್ನೂ ನೋವಿದೆ ಎಂದು ಸುಳ್ಳು ಹೇಳಿದಳು. ವೈದ್ಯ ಬೇರೆ ಮದ್ದು ಕೊಟ್ಟು ಅವಳ ಕಣ್ಣು ಕಳೆದ.

ಈ ಕಥೆಯಲ್ಲಿ ನನ್ನ ಗಮನ ನಿಲ್ಲುವುದು ಥೇರನ ಮೇಲಲ್ಲ, ಆ ಹೆಂಗಸಿನ ಮೇಲೆ. ಮದ್ದಿಗೆ ಬದಲಾಗಿ ಮಕ್ಕಳನ್ನೇ ಒತ್ತೆ ಇಟ್ಟವಳು. ನಮ್ಮ ಮುತ್ತಜ್ಜರ ಕಾಲದ ಜೀತ ನೆನಪಾಗದೆ ಇರುತ್ತದೆಯೇ? ಅದಿರಲಿ. ಅಟ್ಠಕಥೆ ಬುದ್ಧನಿಗಿಂತ ಎಷ್ಟೋ ಶತಮಾನಗಳ ಆಚೆಯದು. ಅದನ್ನು ಹಿಡಿದು ಕೂಲಿ ಮಾಡುವ ಹೆಂಗಸಿನ ರೆಪ್ಪೆಗೆ ಪಾಪದ ಚೀಟಿ ಅಂಟಿಸಲು ಬರುವುದಿಲ್ಲ.

ಯಾಕೆಂದರೆ ಇದೇ ಪ್ರಶ್ನೆಯನ್ನು ಬುದ್ಧನಿಗೇ ನೇರವಾಗಿ ಕೇಳಿದವನು ಸಂಯುತ್ತ ನಿಕಾಯದಲ್ಲಿದ್ದಾನೆ. ಮೋಳಿಯ ಸೀವಕ ಎಂಬ ಪರಿವ್ರಾಜಕ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಅನ್ನುತ್ತಾರಲ್ಲ, ತಾವು ಏನನ್ನುತ್ತೀರಿ ಎಂದು ಕೇಳಿದ. ಭಗವಾನರು ಎಂಟು ಕಾರಣ ಎಣಿಸಿದರು. ಪಿತ್ತ, ಕಫ, ವಾತ, ಈ ಮೂರೂ ಕೂಡಿದ್ದು, ಋತು ಬದಲಾಗುವುದು, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು. ಕರ್ಮಫಲ ಬರುವುದು ಕೊನೆಗೆ, ಎಂಟನೆಯದಾಗಿ. ಎಲ್ಲವನ್ನೂ ಹಿಂದಿನದಕ್ಕೇ ಕಟ್ಟುವವರು ತಾವು ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಹೋಗುತ್ತಾರೆ, ಅದು ತಪ್ಪು ಎಂದರು.

ಈ ಎಣಿಕೆ ಹಿಡಿದು ನಮ್ಮ ರೆಪ್ಪೆ ನೋಡೋಣ. ಇಡೀ ಮೈಯಲ್ಲಿ ಅತಿ ತೆಳುವಾದ ಚರ್ಮ ಅಲ್ಲಿಯದು, ಸುಮಾರು ಅರ್ಧ ಮಿಲಿಮೀಟರ್. ಅಂಗೈ ತಡೆದುಕೊಳ್ಳುವುದನ್ನು ರೆಪ್ಪೆ ತಡೆಯುವುದಿಲ್ಲ. ದೇವದುರ್ಗದ ಅಕ್ಕ ಮೆಣಸಿನಕಾಯಿ ಕೂಲಿಗೆ ಹೋಗುತ್ತಾರೆ. ಇಡೀ ದಿನ ತೊಟ್ಟು ಮುರಿದ ಕೈ, ಬೆವರು ಒರೆಸಿಕೊಳ್ಳುವುದೂ ಅದೇ ಕೈಯಿಂದ, ಅದೇ ಸೆರಗಿನಿಂದ. ಖಾರ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ಬರೀ ನೀರಲ್ಲಿ ಕೈ ತೊಳೆದು ಮುಖ ಉಜ್ಜಿದರೆ ಖಾರವನ್ನು ನಾವೇ ರೆಪ್ಪೆಗೆ ಸಾಗಿಸಿದಂತೆ. ಮಾನ್ವಿಯ ತಂಗಿ ಒಬ್ಬಳಿಗೂ ಇದೇ ತುರಿಕೆ. ಆಕೆ ಅಕ್ಕಿ ಗಿರಣಿಯಲ್ಲಿ ಕಸ ಹೊಡೆಯುತ್ತಾಳೆ, ತೌಡಿನ ಧೂಳು ಕಣ್ಣಿನ ಸುತ್ತ ಕೂರುತ್ತದೆ. ರಾಯಚೂರು ಪೇಟೆಯಲ್ಲೇ ಇರುವ ಇನ್ನೊಬ್ಬರಿಗೆ ಖಾರವೂ ಇಲ್ಲ, ಧೂಳೂ ಇಲ್ಲ. ತಿಂಗಳಿಗೊಮ್ಮೆ ಕೂದಲಿಗೆ ಕಪ್ಪು ಬಣ್ಣ ಹಚ್ಚುತ್ತಿದ್ದರು. ನೆತ್ತಿಗೆ ಏನೂ ಆಗಿರಲಿಲ್ಲ, ರೆಪ್ಪೆ ಊದುತ್ತಿತ್ತು. ಉಗುರಿನ ಬಣ್ಣವೂ ಕೆಲವರಿಗೆ ಹೀಗೇ ಮಾಡುತ್ತದೆ. ಇವುಗಳ ಮೇಲೆ ನಮ್ಮ ಊರಿನ ಒಣ ಗಾಳಿ, 40 ಡಿಗ್ರಿ ದಾಟುವ ಬಿಸಿಲು. ಮೂವರ ತುರಿಕೆ ಒಂದೇ, ಕಾರಣ ಮೂರು. ಇದು ಇದ್ದುದರಿಂದ ಅದು ಆಯಿತು ಎಂದು ಹುಡುಕುವುದೇ ಪಟಿಚ್ಚಸಮುಪ್ಪಾದ. ದೃಷ್ಟಿ ತೆಗೆಸುವವನಿಗೆ ಈ ಹುಡುಕಾಟದ ಗರಜು ಇಲ್ಲ.

ವಿನಯದ ಮಹಾವಗ್ಗದಲ್ಲಿ ಒಂದು ಸಂದರ್ಭವಿದೆ. ಒಬ್ಬ ಭಿಕ್ಖುವಿಗೆ ಕಣ್ಣುರೋಗ, ಬಯಲಕಡೆಗೂ ಜೊತೆಯವರೇ ಹಿಡಿದುಕೊಂಡು ಹೋಗಬೇಕು. ವಿಹಾರದಲ್ಲಿ ತಿರುಗಾಡುತ್ತಿದ್ದ ಭಗವಾನರು ಅದನ್ನು ನೋಡಿದರು. ಸಹಿಸಿಕೋ ಎನ್ನಲಿಲ್ಲ, ಕಣ್ಣಿಗೆ ಹಚ್ಚುವ ಮದ್ದುಗಳನ್ನು ಒಪ್ಪಿದರು. ಮದ್ದಿನಲ್ಲಿ ಧೂಳು ಬೀಳುತ್ತದೆ ಎಂದಾಗ ಭರಣಿಗೆ ಮುಚ್ಚಳ ಇರಲಿ ಎಂದರು. ಬೆರಳಿನಿಂದ ಹಚ್ಚಿದರೆ ಕಣ್ಣು ನೋಯುತ್ತದೆ ಎಂದಾಗ ಹಚ್ಚಲು ಕಡ್ಡಿ ಇರಲಿ ಎಂದರು. ಬಂಗಾರದ್ದು ಬೆಳ್ಳಿಯದು ಮಾತ್ರ ಬೇಡ. ಮದ್ದಿನ ಭರಣಿಯ ಮುಚ್ಚಳದವರೆಗೆ ಯೋಚಿಸಿದ ಗುರು ನಮಗೆ ಸಿಕ್ಕಿದ್ದಾನೆ ಎಂದು ನನಗೆ ಹೆಮ್ಮೆ. ಮಲಗದ ಚಕ್ಖುಪಾಲನಿಗಿಂತ ಈ ಮುಚ್ಚಳವೇ ನನಗೆ ದೊಡ್ಡದು.

ಶಿಬಿರಕ್ಕೆ ಹೋಗಿ ಬಂದವರು ತುರಿಕೆಯನ್ನು ಸುಮ್ಮನೆ ಗಮನಿಸಿ ಎನ್ನುತ್ತಾರೆ. ಅದೂ ನಿಜವೇ. ತುರಿಸಿದಷ್ಟೂ ಚರ್ಮ ಗಾಯವಾಗಿ ದಪ್ಪವಾಗುತ್ತದೆ, ತುರಿಕೆ ಹೆಚ್ಚುತ್ತದೆ. ವೇದನೆ ಎದ್ದದ್ದಕ್ಕೂ ಕೈ ಎದ್ದದ್ದಕ್ಕೂ ನಡುವೆ ನಾಲ್ಕು ಉಸಿರಿನಷ್ಟು ಜಾಗ ಇದೆ. ಆ ಜಾಗದಲ್ಲಿ ತಣ್ಣೀರಿನ ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಆದರೆ ಗಮನಿಸುವುದು ಕೈ ತಡೆಯಲಿಕ್ಕೆ, ಆಸ್ಪತ್ರೆ ತಪ್ಪಿಸಲಿಕ್ಕಲ್ಲ.

ಬಾಬಾಸಾಹೇಬರು "ಬುದ್ಧ ಮತ್ತು ಆತನ ಧಮ್ಮ"ದಲ್ಲಿ ಹಿಂದಿನ ಜನ್ಮದ ಕರ್ಮದ ವಾದವನ್ನು ಸುಮ್ಮನೆ ತಳ್ಳಿಹಾಕಲಿಲ್ಲ. ಬಡವರ ಸ್ಥಿತಿಗೆ ಸಮಾಜವೂ ಸರ್ಕಾರವೂ ಹೊಣೆ ಹೊರುವುದನ್ನು ಅದು ತಪ್ಪಿಸುತ್ತದೆ ಎಂದು ತೋರಿಸಿದರು. ರೆಪ್ಪೆ ಉರಿಯುವುದು ಪಾಪದಿಂದ ಎಂದು ಒಪ್ಪಿದ ದಿನ, ಕೂಲಿಯವರಿಗೆ ಕೈಚೀಲ ಕೊಡಿ, ತೊಳೆಯಲು ಸಾಬೂನು ಇಡಿ ಎಂದು ಹೊಲದ ಮಾಲೀಕನನ್ನು ಕೇಳುವ ಬಾಯಿ ಮುಚ್ಚುತ್ತದೆ.

ಅಕ್ಕನಿಗೂ ಎಲ್ಲರಿಗೂ: ಕೆಲಸ ಬಿಟ್ಟ ಮೇಲೆ ಕೈಗೆ ಮೊದಲು ಶೇಂಗಾ ಎಣ್ಣೆ ತಿಕ್ಕಿ, ಆಮೇಲೆ ಸಾಬೂನಿನಿಂದ ತೊಳೆಯಿರಿ. ಬೆವರಿಗೆ ಬೇರೆ ಬಟ್ಟೆ ಒಯ್ಯಿರಿ. ರೆಪ್ಪೆಗೆ ಸಾಬೂನು ಬೇಡ, ಬರೀ ನೀರು, ರಾತ್ರಿ ತೆಳ್ಳಗೆ ವ್ಯಾಸಲೀನ್. ಕಾಡಿಗೆ, ಬಣ್ಣ, ಪೌಡರ್ ಕೆಲ ವಾರ ಬಿಟ್ಟು ನೋಡಿ. ಔಷಧಿ ಅಂಗಡಿಯಲ್ಲಿ ಹೆಸರು ಹೇಳದೆ ಕೊಡುವ ತುರಿಕೆ ಮುಲಾಮನ್ನು ಕಣ್ಣಿನ ಹತ್ತಿರ ತರಬೇಡಿ. ಅನೇಕದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಆರಾಮ ಅನಿಸುತ್ತದೆ, ದಿನಗಟ್ಟಲೆ ಹಚ್ಚಿದರೆ ಚರ್ಮ ಇನ್ನೂ ತೆಳುವಾಗುತ್ತದೆ, ಕಣ್ಣಿನ ಒತ್ತಡ ಏರುತ್ತದೆ, ಪೊರೆ ಬರಬಹುದು. ಕಣ್ಣೊಳಗೆ ನೋವು, ಕೀವು, ಮಂಜು ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಿ. ಒಬ್ಬರೇ ಹೋಗಲು ಅಂಜಿಕೆ ಆದರೆ ಈ ಗುಂಪಿನಲ್ಲಿ ಹಾಕಿ, ಯಾರಾದರೂ ಜೊತೆಗೆ ಬರುತ್ತೇವೆ.

ಮುಂದಿನ ಭಾನುವಾರ ಸೀವಕ ಸುತ್ತವನ್ನೇ ಪೂರ್ತಿ ಓದೋಣ. ಮಾನ್ವಿ, ದೇವದುರ್ಗದಿಂದ ಬರುವವರು ಬಸ್ಸಿನ ಹೊತ್ತು ನೋಡಿಕೊಂಡು ಬೇಗ ಹೊರಡಿ.

ಜೈ ಭೀಮ್.